ಹುಟ್ಟುಗುಣದ ಲೆಕ್ಕ



ಈ ದತ್ತಿ ಉಪನ್ಯಾಸ ಒಬ್ಬ ನರ್ಸಮ್ಮನ ನೆನಪಿಗೆ ಇಟ್ಟದ್ದು. ತಾಲ್ಲೂಕು ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷ ದುಡಿದವರು ಅವರು. ಎಷ್ಟು ಸಾವಿರ ಕೂಸುಗಳನ್ನು ಕೈಗೆತ್ತಿಕೊಂಡರೋ ಅವರಿಗೇ ಲೆಕ್ಕವಿರಲಿಲ್ಲವಂತೆ. ಹೊಕ್ಕುಳಬಳ್ಳಿ ಕತ್ತರಿಸಿ, ಮೈ ಒರೆಸಿ, ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಬಾಣಂತಿಯ ಮಗ್ಗುಲಿಗೆ ಮಲಗಿಸುವಷ್ಟರಲ್ಲಿ ಅವರ ಬಾಯಿಂದ ಒಂದು ಮಾತು ಬರುತ್ತಿತ್ತು: "ಇದು ಹಠದ್ದು ಕಣಮ್ಮ, ಮನೆಮಂದಿಯನ್ನೆಲ್ಲ ಕುಣಿಸುತ್ತೆ." ಇಲ್ಲವೇ, "ಇದು ಸಾಧು, ಇಟ್ಟಲ್ಲಿ ಇರುತ್ತೆ." ಅಳುವ ದನಿ ಕೇಳಿದರೆ ಸಾಕು, ಮಗು ಎಂಥದೆಂದು ಗೊತ್ತಾಗುತ್ತದೆ ಎಂಬುದು ಅವರ ನಂಬಿಕೆ. ವರ್ಷಗಳ ಮೇಲೆ ಸಂತೆಯಲ್ಲೋ ಜಾತ್ರೆಯಲ್ಲೋ ಸಿಕ್ಕ ತಾಯಂದಿರು "ನೀವು ಹೇಳಿದಂಗೇ ಆಯ್ತು ನರ್ಸಮ್ಮ" ಎನ್ನುತ್ತಿದ್ದರಂತೆ.

ದತ್ತಿ ಇಟ್ಟ ಅವರ ಹೆಣ್ಣುಮಕ್ಕಳಿಬ್ಬರೂ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಅವಳಿಗಳು, ಒಂದೇ ಅಚ್ಚು. ಅವರ ಒಪ್ಪಿಗೆ ಪಡೆದೇ ಇದನ್ನೆಲ್ಲ ಹೇಳುತ್ತಿದ್ದೇನೆ. ಈ ಉಪನ್ಯಾಸಕ್ಕೆ ನನ್ನನ್ನು ಕರೆದದ್ದು ಅಕ್ಕ. ಫೋನಿನಲ್ಲಿ ಮುಕ್ಕಾಲು ಗಂಟೆ ಮಾತಾಡಿದರು; ಮುಗಿಯುವಷ್ಟರಲ್ಲಿ ನನ್ನ ಮೊಮ್ಮಗಳು ಯಾವ ತರಗತಿ ಎನ್ನುವುದೂ ಅವರಿಗೆ ಗೊತ್ತಾಗಿತ್ತು. ನಾಲ್ಕು ದಿನ ಬಿಟ್ಟು ತಂಗಿಯಿಂದ ಅಂಚೆಯಲ್ಲಿ ಒಂದು ಹಾಳೆ ಬಂತು. ಬಸ್ಸಿನ ವೇಳೆ, ಇಳಿಯಬೇಕಾದ ನಿಲ್ದಾಣ, ಅಲ್ಲಿಂದ ಸಭಾಂಗಣಕ್ಕೆ ಕೈಯಲ್ಲೇ ಬರೆದ ದಾರಿಯ ನಕ್ಷೆ, ಕೆಳಗೊಂದು ಸಹಿ. ಒಂದೇ ಭ್ರೂಣ ಎರಡಾಗಿ ಹುಟ್ಟಿದವರು, ಒಂದೇ ಮನೆಯಲ್ಲಿ ಒಂದೇ ಪಾತ್ರೆಯ ಅನ್ನ ಉಂಡು ಬೆಳೆದವರು. ಇಬ್ಬರ ಬಗ್ಗೆ ಅಮ್ಮ ಹೇಳುತ್ತಿದ್ದ ಕಥೆ ಇದು: "ಹುಟ್ಟಿದ ಗಳಿಗೆಯಲ್ಲೇ ದೊಡ್ಡೋಳು ವಾರ್ಡೇ ಎದ್ದು ಕೂರುವ ಹಾಗೆ ಕೂಗಿದಳು. ಚಿಕ್ಕೋಳು ಅಳಲೇ ಇಲ್ಲ. ಸುಮ್ಮನೆ ಕಣ್ಣುಬಿಟ್ಟುಕೊಂಡು ನೋಡ್ತಿದ್ದಳು."

ಮೂವತ್ತೈದು ವರ್ಷ ತಳಿವಿಜ್ಞಾನ ಪಾಠ ಹೇಳಿದವನಿಗೆ ಈ ಕಥೆ ಕೇಳಿದಾಗಿನಿಂದ ಸಮಾಧಾನವಿಲ್ಲ. ಇಬ್ಬರ ಜೀನ್‌ಗಳೂ ಒಂದೇ ಆದರೆ ಈ ಅಂತರ ಎಲ್ಲಿಂದ ಬಂತು? ಜೀನ್‌ಗೂ ಸ್ವಭಾವಕ್ಕೂ ನಂಟೇ ಇಲ್ಲವೆನ್ನುವುದಾದರೆ, ಸಂತೆಯಲ್ಲಿ ಸಿಕ್ಕ ಅಷ್ಟೂ ತಾಯಂದಿರು ಹೇಳಿದ್ದೇನು? ನನ್ನ ಮಟ್ಟಿಗೆ ಉತ್ತರ ಇಷ್ಟು: ಜೀನ್‌ಗಳು ಕೊಡುವುದು ಒಲವನ್ನು, ತೀರ್ಪನ್ನು ಕೊಡುವವರು ಮನುಷ್ಯರು. ಇದನ್ನು ಬಿಡಿಸಿ ಹೇಳಲು ಈ ಹೊತ್ತು ಬೇಕಾಗಿದೆ.

ಸ್ವಭಾವವನ್ನು ಅಳೆಯಲು ಗಜಕಡ್ಡಿ ಇಲ್ಲ. ಮನಶ್ಶಾಸ್ತ್ರದವರು ಹಿಡಿದದ್ದು ನಿಘಂಟಿನ ದಾರಿ. ಜನ ಒಬ್ಬರನ್ನೊಬ್ಬರು ಏನೆಂದು ಕರೆಯುತ್ತಾರೋ ಅದರೊಳಗೆ ಸ್ವಭಾವದ ಭೇದಗಳೆಲ್ಲ ಸೇರಿಕೊಂಡಿರುತ್ತವೆ ಎಂಬ ಎಣಿಕೆಯ ಮೇಲೆ, 1936ರಲ್ಲಿ ಆಲ್‌ಪೋರ್ಟ್ ಮತ್ತು ಆಡ್‌ಬರ್ಟ್ ಎಂಬಿಬ್ಬರು ಇಂಗ್ಲಿಷಿನ ದೊಡ್ಡ ನಿಘಂಟೊಂದನ್ನು ಜಾಲಾಡಿ 17,953 ಪದ ಹೆಕ್ಕಿದರು. ಮುಂದೆ ಬಂದವರು ಅಂಥ ಪದಗಳನ್ನು ಸೋಸಿ ಸೋಸಿ ಐದು ಗುಣಗಳಿಗೆ ಇಳಿಸಿದರು. ಜನರ ನಡುವೆ ಬೆರೆಯುವ ಗುಣ, ಬೇಗ ಕಳವಳಕ್ಕೆ ಬೀಳುವ ಗುಣ, ಹೊಂದಿಕೊಂಡು ಹೋಗುವ ಗುಣ, ಹಿಡಿದ ಕೆಲಸ ಬಿಡದ ಗುಣ, ಹೊಸದಕ್ಕೆ ಮನಸ್ಸು ತೆರೆಯುವ ಗುಣ. ಇವತ್ತಿನ ಸಂಶೋಧನೆಯ ಬಹುಪಾಲು ಈ ಐದರ ಸುತ್ತ ನಡೆಯುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಕೋಶವನ್ನು ಯಾರಾದರೂ ಇದೇ ರೀತಿ ಜಾಲಾಡಬೇಕೆಂಬುದು ನನ್ನ ಹಳೆಯ ಆಸೆ. ಪುಕ್ಕಲ, ಮುಂಗೋಪಿ, ಸಿಡುಕ, ಧಾರಾಳಿ ಎನ್ನುವವು ಹೇಗೋ ಈ ಐದು ಖಾನೆಗೆ ಹೊಂದಿಕೊಂಡಾವು. "ಗಟ್ಟಿಗಿತ್ತಿ"ಯನ್ನು ಯಾವ ಖಾನೆಗೆ ಹಾಕುವುದು? ಧೈರ್ಯ, ಹಟ, ಹೊಣೆಗಾರಿಕೆ, ಅಂತಃಕರಣ ಎಲ್ಲ ಸೇರಿದ ಪದ ಅದು. ಅಳತೆಗೋಲೇ ಒಂದು ಭಾಷೆಯಲ್ಲಿ ಹುಟ್ಟಿದ್ದು ಎನ್ನುವುದು ಮನಸ್ಸಿನಲ್ಲಿರಲಿ.

ನರ್ಸಮ್ಮನ ಮಾತನ್ನು ಬಹುಮಟ್ಟಿಗೆ ಪರೀಕ್ಷೆಗೆ ಒಡ್ಡಿದವರು ಹಾರ್ವರ್ಡ್ ವಿಶ್ವವಿದ್ಯಾಲಯದ ಜೆರೋಮ್ ಕಾಗನ್. ಅವರು ನಾಲ್ಕು ತಿಂಗಳ ಕೂಸುಗಳನ್ನು ಒಂದೊಂದಾಗಿ ಕೂರಿಸಿ, ಕಣ್ಣೆದುರು ಬಣ್ಣದ ಬೊಂಬೆಗಳನ್ನು ತೂಗಾಡಿಸಿದರು, ಅಪರಿಚಿತ ದನಿ ಕೇಳಿಸಿದರು, ಆಲ್ಕೋಹಾಲ್ ಅದ್ದಿದ ಹತ್ತಿಯನ್ನು ಮೂಗಿನ ಹತ್ತಿರ ಹಿಡಿದರು. ಸುಮಾರು ಐದರಲ್ಲಿ ಒಂದು ಮಗು ಕೈಕಾಲು ಬಡಿದು, ಬೆನ್ನು ಸೆಟೆದು, ಅತ್ತು ರಂಪ ಮಾಡಿತು. ಐದರಲ್ಲಿ ಎರಡು ಮಕ್ಕಳಿಗೆ ಇದಾವುದೂ ಲೆಕ್ಕಕ್ಕೇ ಬರಲಿಲ್ಲ. ಈ ಮಕ್ಕಳನ್ನು ಕಾಗನ್ ಬಳಗ ಹರೆಯ ಮುಟ್ಟುವವರೆಗೂ ಬಿಡದೆ ಹಿಂಬಾಲಿಸಿತು. ರಂಪ ಮಾಡಿದವರು ಎರಡನೆಯ ವರ್ಷದಲ್ಲಿ ಹೊಸಬರನ್ನು ಕಂಡರೆ ತಾಯಿಯ ಸೆರಗು ಹಿಡಿಯುವ ಸಾಧ್ಯತೆ ಹೆಚ್ಚಿತ್ತು. ಆದರೆ ಮುಂದಕ್ಕೂ ಅದೇ ಅಂಜಿಕೆಯಲ್ಲಿ ಉಳಿದವರು ಅವರಲ್ಲಿ ಕೆಲವರು ಮಾತ್ರ. ಹೆಚ್ಚಿನವರು ನಡುದಾರಿಗೆ ಬಂದರು. ಎಗ್ಗಿಲ್ಲದ, ಯಾರ ಹೆಗಲ ಮೇಲಾದರೂ ಕೈ ಹಾಕುವ ಸ್ವಭಾವಕ್ಕೆ ಹೋದವರು ತೀರ ವಿರಳ. ಮಗು ಮುಂದೆ ಏನಾಗುತ್ತದೆ ಎನ್ನುವುದಕ್ಕಿಂತ ಏನಾಗುವುದು ಕಷ್ಟ ಎನ್ನುವುದನ್ನು ಆ ನಾಲ್ಕನೆಯ ತಿಂಗಳ ಅಳು ಚೆನ್ನಾಗಿ ಹೇಳುತ್ತದೆ. ನರ್ಸಮ್ಮ ಪೂರ್ತಿ ತಪ್ಪಿರಲಿಲ್ಲ.

ಹುಟ್ಟುವಾಗಲೇ ಇದ್ದದ್ದೆಲ್ಲ ಜೀನ್‌ನಿಂದಲೇ ಬಂದದ್ದು ಎನ್ನಲಾಗದು. ಒಂಬತ್ತು ತಿಂಗಳ ಗರ್ಭವಾಸವೂ ಇದೆಯಲ್ಲ. ಅದಕ್ಕೇ ವಿಜ್ಞಾನಿಗಳು ಅವಳಿಗಳ ಮೊರೆ ಹೋದರು. 1875ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಶುರುಮಾಡಿದ ಕೆಲಸ ಇದು. ಅಮೆರಿಕದ ಮಿನೆಸೋಟಾದಲ್ಲಿ ಥಾಮಸ್ ಬೂಚಾರ್ಡ್ 1979ರಲ್ಲಿ, ಎಳೆತನದಲ್ಲೇ ಬೇರೆ ಬೇರೆ ಮನೆಗಳಿಗೆ ದತ್ತುಹೋದ ಅವಳಿಗಳನ್ನು ಹುಡುಕಿ ಹುಡುಕಿ ಕರೆಸತೊಡಗಿದರು. ಅದಕ್ಕೆ ದಾರಿಯಾದದ್ದು ಒಹಾಯೊದ ಜಿಮ್ ಅವಳಿಗಳು. ನಾಲ್ಕು ವಾರದ ಕೂಸುಗಳಿದ್ದಾಗ ಬೇರೆಯಾಗಿ 39ನೇ ವಯಸ್ಸಿನಲ್ಲಿ ಸಂಧಿಸಿದಾಗ, ಇಬ್ಬರ ಹೆಸರೂ ಜಿಮ್. ಇಬ್ಬರೂ ಮೊದಲು ಮದುವೆಯಾದದ್ದು ಲಿಂಡಾ ಎಂಬುವರನ್ನು, ಎರಡನೆಯ ಸಲ ಬೆಟ್ಟಿ ಎಂಬುವರನ್ನು. ಚಿಕ್ಕಂದಿನಲ್ಲಿ ಇಬ್ಬರ ನಾಯಿಯ ಹೆಸರೂ ಟಾಯ್. ಪತ್ರಿಕೆಗಳು ಇದನ್ನೇ ಹೊತ್ತು ಮೆರೆಸಿದವು. ಈ ಭಾಗವನ್ನು ನೀವು ಮರೆತರೂ ನಷ್ಟವಿಲ್ಲ. ನಾಯಿಗೆ ಹೆಸರಿಡುವ ಜೀನ್ ಇಲ್ಲ. ಒಂದೇ ವಯಸ್ಸಿನ, ಒಂದೇ ಸೀಮೆಯ ಇಬ್ಬರು ಗಂಡಸರಿಗೆ ಹೋಲಿಕೆ ಹುಡುಕುತ್ತ ಕೂತರೆ ಎಷ್ಟೋ ಸಿಕ್ಕುತ್ತವೆ. ನೆನಪಿಡಬೇಕಾದ್ದು ಬೂಚಾರ್ಡ್ ಬಳಗ ವರ್ಷಗಳ ಮೇಲೆ ನೂರಕ್ಕೂ ಹೆಚ್ಚು ಜೋಡಿಗಳನ್ನು ಅಳೆದು ಕಂಡ ಸಂಗತಿ. ತದ್ರೂಪಿ ಅವಳಿಗಳ ಸ್ವಭಾವದಲ್ಲಿ ಹೋಲಿಕೆ ಸಾಕಷ್ಟಿತ್ತು, ಮತ್ತು ಬೇರೆ ಬೇರೆ ಮನೆಗಳಲ್ಲಿ ಬೆಳೆದವರಲ್ಲಿ ಅದು ಹೆಚ್ಚುಕಡಿಮೆ ಒಂದೇ ಮನೆಯಲ್ಲಿ ಬೆಳೆದವರಲ್ಲಿದ್ದಷ್ಟೇ ಇತ್ತು.

ಇದು ಒಂದು ಊರಿನ ಫಲಿತಾಂಶವಾಗಿ ಉಳಿಯಲಿಲ್ಲ. ಐವತ್ತು ವರ್ಷಗಳ ಅವಳಿ ಅಧ್ಯಯನಗಳನ್ನೆಲ್ಲ 2015ರಲ್ಲಿ ಒಟ್ಟು ಹಾಕಿ ನೋಡಿದರು. 1 ಕೋಟಿ 45 ಲಕ್ಷಕ್ಕೂ ಹೆಚ್ಚು ಜೋಡಿಗಳ, 17,804 ಲಕ್ಷಣಗಳ ಲೆಕ್ಕ ಅದು. ಎತ್ತರ, ರಕ್ತದೊತ್ತಡ, ಮನಸ್ಸಿನ ಗುಣ ಎಲ್ಲ ಸೇರಿ ಆನುವಂಶಿಕತೆಯ ಸರಾಸರಿ ಪಾಲು ಶೇ 49. ಸ್ವಭಾವದ ಗುಣಗಳಷ್ಟನ್ನೇ ತೆಗೆದುಕೊಂಡರೆ ಅದು ಶೇ 40ರ ಆಸುಪಾಸು.

ಈ 40 ಎನ್ನುವ ಅಂಕಿಯಷ್ಟು ತಪ್ಪಾಗಿ ಓದಿಸಿಕೊಂಡದ್ದು ನನ್ನ ವಿಷಯದಲ್ಲಿ ಬೇರೊಂದಿಲ್ಲ. "ನನ್ನ ಸಿಟ್ಟಿನಲ್ಲಿ ನೂರಕ್ಕೆ ನಲವತ್ತು ಅಪ್ಪ-ಅಮ್ಮನಿಂದ ಬಂದದ್ದು, ಉಳಿದದ್ದು ನನ್ನದು" ಎಂದು ಪರೀಕ್ಷೆಯಲ್ಲಿ ಬರೆದವರು ಎಷ್ಟು ಮಂದಿಯೋ. ರಾಗಿ ಹೊಲಕ್ಕೆ ಹೋಗೋಣ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ನಮ್ಮ ಸೀಮೆಯ ಎಷ್ಟೋ ಮನೆಗಳ ಕಣ ತುಂಬಿಸಿದ ಕೆಲಸ ಅದು. ಈಗ ಒಬ್ಬ ರೈತ ಹತ್ತು ಬಗೆಯ ರಾಗಿಯನ್ನು ಬೆರೆಸಿ, ಒಂದೇ ಹದದ, ಒಂದೇ ನೀರಿನ ಹೊಲದಲ್ಲಿ ಚೆಲ್ಲಿದ ಎನ್ನಿ. ತೆನೆಗಳ ನಡುವೆ ಕಾಣುವ ಅಂತರವೆಲ್ಲ ಬೀಜದ್ದೇ. ಆನುವಂಶಿಕತೆಯ ಪಾಲು ನೂರಕ್ಕೆ ನೂರರ ಹತ್ತಿರ. ಪಕ್ಕದವನು ಒಂದೇ ಶುದ್ಧ ತಳಿಯನ್ನು ಒಂದಿಷ್ಟು ಕೆರೆಯ ಬುಡದಲ್ಲಿ, ಒಂದಿಷ್ಟು ಗುಡ್ಡದ ಕಲ್ಲುನೆಲದಲ್ಲಿ ಬಿತ್ತಿದ. ಅಲ್ಲಿಯ ಅಂತರವೆಲ್ಲ ಮಣ್ಣಿನದು, ಆನುವಂಶಿಕತೆ ಸೊನ್ನೆ. ರಾಗಿ ಅದೇ ರಾಗಿ, ಜೀನ್ ಅದೇ ಜೀನ್. ಅಂಕಿ ಹೇಳುವುದು ಆ ಹೊಲದಲ್ಲಿ, ಆ ಸಾಲಿನಲ್ಲಿ, ಗಿಡಗಿಡದ ನಡುವಿನ ವ್ಯತ್ಯಾಸದ ಬಗ್ಗೆ. ಒಂದು ತೆನೆಯನ್ನು ಕೈಯಲ್ಲಿ ಹಿಡಿದು ಇದರಲ್ಲಿ ಬೀಜದ್ದೆಷ್ಟು, ಗೊಬ್ಬರದ್ದೆಷ್ಟು ಎಂದು ಕೇಳಿದರೆ ಉತ್ತರವಿಲ್ಲ. ಎರಡು ಹೊಲಗಳನ್ನು ಅಕ್ಕಪಕ್ಕ ಇಟ್ಟು, ಈ ಹೊಲದ ಬೀಜವೇ ಮೇಲು ಎನ್ನಲೂ ಆ ಅಂಕಿ ಆಧಾರವಾಗದು. ಈ ಕೊನೆಯ ಮಾತಿಗೆ ಆಮೇಲೆ ಮರಳುತ್ತೇನೆ.

ಜೀನ್ ನಡವಳಿಕೆಯನ್ನು ಮುಟ್ಟುವುದಾದರೂ ಹೇಗೆ? ಇದನ್ನು ನಾನು ಪುಸ್ತಕಕ್ಕಿಂತ ಚೆನ್ನಾಗಿ ಹಣ್ಣುನೊಣದ ಮರಿಯಿಂದ ಕಲಿತೆ. ಮಾನಸಗಂಗೋತ್ರಿಯಲ್ಲಿ ಡ್ರಾಸೊಫಿಲಾ ನೊಣದ ತಳಿವಿಜ್ಞಾನಕ್ಕೆ ದೊಡ್ಡ ಪರಂಪರೆ ಇದೆ. ಅಲ್ಲಿ ವಿದ್ಯಾರ್ಥಿಯಾಗಿದ್ದಾಗ ಬೆಳಗಿನ ಮೊದಲ ಕೆಲಸ ನೊಣಕ್ಕೆ ಅಡುಗೆ. ಗೋಧಿ ರವೆ, ಬೆಲ್ಲ, ಅಗರ್ ಸೇರಿಸಿ ಕುದಿಸಿ, ಬೂಸ್ಟು ಹಿಡಿಯದಂತೆ ಪ್ರೊಪಿಯೋನಿಕ್ ಆಮ್ಲದ ನಾಲ್ಕು ಹನಿ ಬಿಟ್ಟು ಬಾಟಲಿಗೆ ಸುರಿಯಬೇಕು. ಬೆಲ್ಲದ ಪಾಕದೊಳಗಿಂದ ಏಳುವ ಆ ಹುಳಿಘಾಟು ಇವತ್ತಿಗೂ ನನ್ನ ಮೂಗಿನಲ್ಲಿದೆ. ಅದರೊಳಗೆ ಅಕ್ಕಿಕಾಳಿಗಿಂತ ಸಣ್ಣ ಬಿಳಿ ಹುಳುಗಳು, ನೊಣದ ಮರಿಗಳು, ಬೆಳೆಯುತ್ತವೆ.

ಕೆನಡಾದ ಮಾರ್ಲಾ ಸೋಕೊಲೋವ್ಸ್ಕಿ 1980ರಲ್ಲಿ ಈ ಹುಳುಗಳಲ್ಲಿ ಎರಡು ಸ್ವಭಾವ ಗುರುತಿಸಿದರು. ಗಾಜಿನ ತಟ್ಟೆಗೆ ಯೀಸ್ಟಿನ ತೆಳುಲೇಪ ಬಳಿದು ಒಂದು ಹುಳುವನ್ನು ಬಿಟ್ಟು, ಐದು ನಿಮಿಷದಲ್ಲಿ ಅದು ಎಳೆದ ಜಾಡನ್ನು ಅಳೆಯಬೇಕು. ಕೆಲವು ತಿನ್ನುತ್ತ ತಿನ್ನುತ್ತ ತಟ್ಟೆಯ ಉದ್ದಕ್ಕೂ ಹರಿದಾಡುತ್ತವೆ. ಅವು ರೋವರ್, ಅಲೆಯುವವು. ಕೆಲವು ಬಿಟ್ಟಲ್ಲೇ ಸುತ್ತುತ್ತ ಮೇಯುತ್ತವೆ; ಅವು ಸಿಟ್ಟರ್, ಕೂರುವವು. ಹೊರಗಿನಿಂದ ಹಿಡಿದು ತಂದ ನೊಣಗಳಲ್ಲಿ ಸುಮಾರು ಏಳು ಪಾಲು ಅಲೆಯುವವು, ಮೂರು ಪಾಲು ಕೂರುವವು. ವ್ಯತ್ಯಾಸ ಒಂದೇ ಜೀನ್‌ನಲ್ಲಿತ್ತು. ಆ ಜೀನ್ ತಯಾರಿಸುವ ಕಿಣ್ವ ಯಾವುದೆಂದು 1997ರಲ್ಲಿ ತಿಳಿಯಿತು. ಅಲೆಯುವವುಗಳಲ್ಲಿ ಅದರ ಚಟುವಟಿಕೆ ತುಸು ಹೆಚ್ಚು, ಅಷ್ಟೇ.

ಜೀನ್ ಎನ್ನುವುದು ಸ್ವಭಾವದ ಬೀಜ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಆದರೆ ತಟ್ಟೆಯನ್ನು ಇನ್ನಷ್ಟು ಹೊತ್ತು ನೋಡಿ. ಯೀಸ್ಟ್ ಇಲ್ಲದ ಬರೀ ತಟ್ಟೆಗೆ ಬಿಟ್ಟರೆ ಎರಡೂ ಬಗೆಯವು ಒಂದೇ ರೀತಿ ಹರಿದಾಡುತ್ತವೆ. ಕೆಲವು ಗಂಟೆ ಉಪವಾಸ ಕೆಡವಿ ಊಟಕ್ಕೆ ಬಿಟ್ಟರೆ ಅಲೆಯುವ ಹುಳು ಕೂರುವ ಹುಳುವಿನಂತೆ ಬಿಟ್ಟಲ್ಲೇ ಮೇಯುತ್ತದೆ. ಅದೇ ಜೀನ್ ಜೇನುನೊಣದಲ್ಲೂ ಇದೆ. ಮರಿಜೇನು ಮೊದಲ ಎರಡು-ಮೂರು ವಾರ ಗೂಡಿನೊಳಗೆ ದಾದಿಯ ಕೆಲಸ ಮಾಡಿ, ಆಮೇಲೆ ಹೂವಿಗೆ ಹೊರಡುತ್ತದೆ. ಹೊರಡುವ ಹೊತ್ತಿಗೆ ಅದರ ಮಿದುಳಿನಲ್ಲಿ ಆ ಜೀನ್ ಚುರುಕಾಗಿರುತ್ತದೆ ಎಂದು 2002ರಲ್ಲಿ ಕಂಡುಕೊಂಡರು. ನೊಣದಲ್ಲಿ ಇಬ್ಬರನ್ನು ಬೇರೆ ಮಾಡಿದ ಜೀನ್ ಜೇನಿನಲ್ಲಿ ಒಂದೇ ಜೀವದ ಎರಡು ವಯಸ್ಸನ್ನು ಬೇರೆ ಮಾಡುತ್ತದೆ. ಹಸಿವು, ಹೊಟ್ಟೆ, ವಯಸ್ಸು, ಗೂಡಿನ ಅಗತ್ಯ ಇವೆಲ್ಲ ಆ ಜೀನ್‌ನ ಕಿವಿಯಲ್ಲಿ ಮಾತಾಡುತ್ತಲೇ ಇರುತ್ತವೆ.

ಹುಳುವಿನಲ್ಲಿ ಒಂದು ಜೀನ್ ಸಿಕ್ಕಿತಲ್ಲ, ಮನುಷ್ಯನಲ್ಲೂ ಸಿಕ್ಕೀತು ಎಂಬ ಆಸೆ ಸಹಜವಾದದ್ದೇ. 1996 ಆ ಆಸೆಯ ವರ್ಷ. ಜನವರಿಯಲ್ಲಿ ಇಸ್ರೇಲಿನ ಒಂದು ತಂಡ, ಅಮೆರಿಕದ ಒಂದು ತಂಡ ಜೊತೆಯಲ್ಲೇ, ಡೋಪಮೈನ್ ಎಂಬ ಮಿದುಳಿನ ರಾಸಾಯನಿಕದ ಗ್ರಾಹಕದ ಜೀನ್‌ನಲ್ಲಿ ಡಿಎನ್‌ಎಯ 48 ಅಕ್ಷರಗಳ ಒಂದು ತುಣುಕು ಎಷ್ಟು ಸಲ ಮರುಕಳಿಸಿದೆ ಎನ್ನುವುದಕ್ಕೂ ಹೊಸತನ್ನು ಅರಸುವ ಸ್ವಭಾವಕ್ಕೂ ನಂಟಿದೆ ಎಂದು ಪ್ರಕಟಿಸಿದವು. ನವೆಂಬರಿನಲ್ಲಿ ಸೆರೊಟೋನಿನ್ ಎಂಬ ಇನ್ನೊಂದು ರಾಸಾಯನಿಕದ ಸರದಿ. ನರಕೋಶಗಳ ನಡುವೆ ಸುರಿದ ಸೆರೊಟೋನಿನ್ ಅನ್ನು ಮತ್ತೆ ಹೀರಿಕೊಳ್ಳುವ ಪ್ರೋಟೀನ್ ಒಂದಿದೆ. ಖಿನ್ನತೆಗೆ ಕೊಡುವ ಹಲವು ಔಷಧಗಳು ಕೆಲಸ ಮಾಡುವುದು ಅದರ ಮೇಲೆಯೇ. ಅದರ ಜೀನ್‌ನ ಮುಂಭಾಗದಲ್ಲಿ 44 ಅಕ್ಷರ ಕಡಿಮೆ ಇರುವ ಗಿಡ್ಡ ರೂಪವನ್ನು ಹೊತ್ತವರಲ್ಲಿ ಕಳವಳ ಹೆಚ್ಚು ಎಂದು 505 ಮಂದಿಯ ಅಧ್ಯಯನ ಹೇಳಿತು. ಸ್ವಭಾವದ ಒಟ್ಟು ವ್ಯತ್ಯಾಸದಲ್ಲಿ ಅದರ ಪಾಲು ಶೇ 3ರಿಂದ 4 ಎಂದು ಅವರು ಎಚ್ಚರದಿಂದಲೇ ಬರೆದಿದ್ದರು. 2003ರಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನ 847 ಮಂದಿಯ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗಿಡ್ಡ ರೂಪದವರು ಬದುಕಿನ ಪೆಟ್ಟು ಬಿದ್ದಾಗ ಖಿನ್ನತೆಗೆ ಜಾರುತ್ತಾರೆ, ಉದ್ದ ರೂಪದವರು ತಡೆದುಕೊಳ್ಳುತ್ತಾರೆ ಎಂದಿತು.

ಅದನ್ನು ಓದಿದ ದಿನದ ಹಿಗ್ಗು ನನಗೆ ನೆನಪಿದೆ. ಹುಟ್ಟು ಮತ್ತು ಬದುಕು ಎರಡೂ ಒಂದೇ ಚಿತ್ರದಲ್ಲಿ ಕೈಹಿಡಿದು ನಿಂತಿದ್ದವು. ವರ್ಷ ವರ್ಷವೂ ಕರಿಹಲಗೆಯ ಮೇಲೆ ಆ ಎರಡು ಗೆರೆಗಳನ್ನು, ಒಂದು ಮೇಲೇರುವುದು, ಒಂದು ಮಟ್ಟಸವಾಗಿ ಹೋಗುವುದು, ಬಿಡಿಸಿ ಪಾಠ ಮಾಡಿದೆ. ನೂರಾರು ಪ್ರಬಂಧಗಳು ಬಂದವು. ಕೆಲವು ಹೌದೆಂದವು, ಕೆಲವು ಇಲ್ಲವೆಂದವು. 2019ರಲ್ಲಿ ರಿಚರ್ಡ್ ಬಾರ್ಡರ್ ಮತ್ತು ಸಂಗಡಿಗರು ಖಿನ್ನತೆಗೆ ಸಂಬಂಧಿಸಿ ಅತಿ ಹೆಚ್ಚು ಚರ್ಚೆಯಾಗಿದ್ದ ಇಂಥ 18 ಜೀನ್‌ಗಳನ್ನು ಆರಿಸಿ, ನಾಲ್ಕು ಲಕ್ಷಕ್ಕೂ ಮಿಕ್ಕಿದ ಜನರ ಮಾಹಿತಿಯಲ್ಲಿ ಹುಡುಕಿದರು. ಕಣ್ಣುಮುಚ್ಚಿ ಆರಿಸಿದ ಯಾವುದೋ 18 ಜೀನ್‌ಗಳಿಗಿಂತ ಅವು ಹೆಚ್ಚೇನೂ ಹೇಳಲಿಲ್ಲ. ಪೆಟ್ಟು ಬಿದ್ದಾಗ ಗಿಡ್ಡ ರೂಪ ಜಾರುತ್ತದೆ ಎಂಬ ಕಥೆಯೂ ನಿಲ್ಲಲಿಲ್ಲ. ಹದಿನೈದು ವರ್ಷ ನನ್ನಿಂದ ಆ ಪಾಠ ಕೇಳಿ ಹೋದವರು ಎಲ್ಲೆಲ್ಲೋ ಮೇಷ್ಟರಾಗಿದ್ದಾರೆ. ಅವರಲ್ಲಿ ಯಾರಾದರೂ ಈ ಸಭೆಯಲ್ಲಿದ್ದರೆ ದಯವಿಟ್ಟು ಆ ಎರಡು ಗೆರೆಗಳನ್ನು ಅಳಿಸಿಬಿಡಿ.

ತಪ್ಪಿದ್ದೆಲ್ಲಿ? ಪರಿಣಾಮ ದೊಡ್ಡದಿರುತ್ತದೆ ಎಂದು ಎಣಿಸಿ ಕೆಲವೇ ನೂರು ಜನರಲ್ಲಿ ಹುಡುಕಿದ್ದರಲ್ಲಿ. ನಮ್ಮ ಜೀನೋಮ್ ಸುಮಾರು 300 ಕೋಟಿ ಅಕ್ಷರಗಳ ಹೊತ್ತಿಗೆ. ಮಾದರಿಯಾಗಿ ಇಟ್ಟುಕೊಂಡ ಪ್ರತಿಯೊಂದಿಗೆ ಹೋಲಿಸಿದರೆ ಪ್ರತಿ ಮನುಷ್ಯನಲ್ಲೂ 40ರಿಂದ 50 ಲಕ್ಷ ಕಡೆ ವ್ಯತ್ಯಾಸ ಸಿಗುತ್ತದೆ. ಅಷ್ಟನ್ನೂ ಒಟ್ಟಿಗೆ ನೋಡುವ ಉಪಾಯ ಬಂದ ಮೇಲೆ ಚಿತ್ರವೇ ಬದಲಾಯಿತು. 2018ರಲ್ಲಿ 4,49,484 ಜನರ ಮಾಹಿತಿಯನ್ನು ಜರಡಿ ಹಿಡಿದು, ಕಳವಳದ ಸ್ವಭಾವಕ್ಕೆ ನಂಟಿರುವ 136 ತಾಣಗಳನ್ನು ಗುರುತಿಸಿದರು. ಒಂದೊಂದರ ಬಲವೂ ಕೂದಲೆಳೆಯಷ್ಟು. ಸಾವಿರಾರು ಇಂಥ ಎಳೆಗಳು ಸೇರಿ ಒಂದು ವಾಲು ಉಂಟಾಗುತ್ತದೆ. ನೂಲಿನಂತೆ ಸೀರೆ ಎನ್ನುತ್ತಾರೆ ನಮ್ಮಲ್ಲಿ. ಆ ಸೀರೆಯಿಂದ ಒಂದು ನೂಲು ಎಳೆದರೆ ಬಣ್ಣ ಬದಲಾಗುವುದಿಲ್ಲ. ಹೀಗೆ ಡಿಎನ್‌ಎಯಲ್ಲೇ ನೇರವಾಗಿ ಅಳೆಯಲು ಸಿಕ್ಕುವ ಪಾಲು ಕಳವಳದ ಮಟ್ಟಿಗೆ ಶೇ 10ರ ಹತ್ತಿರ. ಅವಳಿಗಳ ಲೆಕ್ಕದ 40 ಎಲ್ಲಿ, ಈ 10 ಎಲ್ಲಿ ಎಂಬ ಜಗಳ ಇನ್ನೂ ನಡೆದಿದೆ.

ಇನ್ನೊಂದು ಮಾತು. ಈ ಲಕ್ಷಗಟ್ಟಲೆ ಜನ ಬಹುತೇಕ ಯುರೋಪಿನ ಮೂಲದವರು. ಅಲ್ಲಿ ಕಟ್ಟಿದ ಲೆಕ್ಕವನ್ನು ನಮ್ಮ ಮೇಲೆ ಹೊರಿಸಿದರೆ ಅದು ಇನ್ನಷ್ಟು ಮಸುಕಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳುತನದಲ್ಲಿ 10 ಸಾವಿರ ಭಾರತೀಯರ ಜೀನೋಮ್ ಓದುವ ಜೀನೋಮ್ ಇಂಡಿಯಾ ಯೋಜನೆ 2020ರಲ್ಲಿ ಶುರುವಾಗಿ, 2025ರಲ್ಲಿ ಮಾಹಿತಿ ಸಂಶೋಧಕರಿಗೆ ತೆರೆಯಿತು. ರೋಗಗಳ ವಿಷಯದಲ್ಲಿ ಅದು ಬಹಳ ದೊಡ್ಡ ಆಸ್ತಿ. ಸ್ವಭಾವದ ಮಾತಿಗೆ ಅದು ಇನ್ನೂ ಬೀಜ ಬಿತ್ತಿದ ಹೊಲ.

ಹೀಗಿರುವಾಗ, ಕಳೆದ ವರ್ಷ ಒಬ್ಬ ತಾಯಿ ಏಳು ವರ್ಷದ ಮಗನ ಡಿಎನ್‌ಎ ವರದಿ ಹಿಡಿದು ನಮ್ಮ ಮನೆಗೆ ಬಂದರು. ಉಗುಳು ಕಳಿಸಿ, ದುಡ್ಡು ಕಟ್ಟಿ ತರಿಸಿದ್ದು. ನುಣುಪು ಹಾಳೆಯ ಮೇಲೆ ಬಣ್ಣಬಣ್ಣದ ಪಟ್ಟಿಗಳು. "ಅಪಾಯಕ್ಕೆ ಎಳಸುವ ಸ್ವಭಾವ" ಎಂಬುದರ ಎದುರು ಕೆಂಪು ಪಟ್ಟಿ. ಹುಡುಗ ನಮ್ಮ ಅಂಗಳದಲ್ಲಿ ಪೇರಲೆ ಮರ ಹತ್ತುತ್ತಿದ್ದ. "ನೋಡಿ ಸಾರ್, ನೋಡಿ" ಎಂದರು ಅವರು, ಹೆದರಿದ ದನಿಯಲ್ಲಿ. ಆ ಹಾಳೆ ಬರುವ ಮುಂಚೆ ಅವನು ಮರ ಹತ್ತಿದಾಗ ನಿಮಗೆ ಏನನಿಸುತ್ತಿತ್ತು ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಖುಷಿ ಆಗ್ತಿತ್ತು" ಎಂದರು. ಆ ಕೆಂಪು ಪಟ್ಟಿಯ ಹಿಂದೆ ಇದ್ದದ್ದು 1996ರ ಜನವರಿಯ ಅದೇ 48 ಅಕ್ಷರಗಳ ತುಣುಕು. ಆಮೇಲಿನ ಅಧ್ಯಯನಗಳಲ್ಲಿ ಅದೂ ನಿಲ್ಲಲಿಲ್ಲ. ತಾಯಿಯ ಕಣ್ಣು ಬದಲಾದದ್ದು ಮಾತ್ರ ನಿಜ. ಆ ಬದಲಾದ ಕಣ್ಣಿನ ಕೆಳಗೇ ಆ ಹುಡುಗ ಇನ್ನು ಬೆಳೆಯಬೇಕು.

ಒಂದು ಮನೆಯ ಕಣ್ಣು ಬದಲಾದರೆ ಹೀಗೆ. ಸರ್ಕಾರದ ಕಣ್ಣೇ ಹಾಗಾದರೆ ಏನಾಗುತ್ತದೆ ಎನ್ನುವುದನ್ನು ಈ ನೆಲ ಅನುಭವಿಸಿದೆ. ಆನುವಂಶಿಕತೆಯ ನಿಯಮ ಬಿಡಿಸಿದ, ಬಟಾಣಿ ಗಿಡಗಳ ಮೇಲಿನ ಮೆಂಡಲನ ಪ್ರಬಂಧ ಅಚ್ಚಾದದ್ದು 1866ರಲ್ಲಿ. 1900ರವರೆಗೆ ಅದನ್ನು ಓದಿ ಬೆಲೆ ತಿಳಿದವರಿಲ್ಲ. ಜೀನ್ ಎಂಬ ಪದವೇ ಹುಟ್ಟಿರದ 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿತು. ಈ ದೇಶದಲ್ಲಿ ಕಸುಬುಗಳು ಅಪ್ಪನಿಂದ ಮಗನಿಗೆ ಬರುತ್ತವೆ, ಆದ್ದರಿಂದ ಕಳ್ಳತನವೂ ಕೆಲವರ ಹುಟ್ಟುಕಸುಬು ಎಂಬುದು ಅದರ ಹಿಂದಿನ ವಾದ. 1911ರ ಕಾಯ್ದೆ ಅದನ್ನು ದಕ್ಷಿಣಕ್ಕೂ ತಂದಿತು. ಸಮುದಾಯಕ್ಕೆ ಸಮುದಾಯವನ್ನೇ ಪಟ್ಟಿಗೆ ಸೇರಿಸಿದರು. ಏನೂ ಮಾಡಿರದವನೂ ಪೊಲೀಸರೆದುರು ಹಾಜರಿ ಹಾಕಬೇಕು, ಊರು ಬಿಡಲು ಚೀಟಿ ಪಡೆಯಬೇಕು. ಮಕ್ಕಳನ್ನು ಅಪ್ಪ-ಅಮ್ಮನಿಂದ ಬೇರ್ಪಡಿಸುವ ಅಧಿಕಾರವೂ ಸರ್ಕಾರಕ್ಕಿತ್ತು. ಹುಬ್ಬಳ್ಳಿಯಲ್ಲಿ ಅಂಥವರನ್ನು ತಂದು ಕೂಡಿಹಾಕಿದ ಜಾಗವನ್ನು ಜನ ಇವತ್ತಿಗೂ ಸೆಟ್ಲ್‌ಮೆಂಟ್ ಎಂದೇ ಕರೆಯುತ್ತಾರೆ.

ಮದ್ರಾಸ್ ಪ್ರಾಂತ್ಯದಲ್ಲಿ ಈ ಪಟ್ಟಿಗೆ ಬಿದ್ದ ಕೊರವರ ಕಥೆಯನ್ನು ಇತಿಹಾಸಕಾರ್ತಿ ಮೀನಾ ರಾಧಾಕೃಷ್ಣ ಬಿಡಿಸಿಟ್ಟಿದ್ದಾರೆ. ಎತ್ತು ಕತ್ತೆಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಕರಾವಳಿಯಿಂದ ಒಳನಾಡಿಗೆ ವ್ಯಾಪಾರ ಮಾಡುತ್ತಿದ್ದ ಜನ ಅವರು. ಸರ್ಕಾರದ ಉಪ್ಪಿನ ನೀತಿ ಬಂತು, ರೈಲು ಬಂತು. ಎತ್ತಿನ ಬೆನ್ನಿನ ವ್ಯಾಪಾರ ಮುರಿಯಿತು. ಹೊಟ್ಟೆಪಾಡು ಕಳೆದುಕೊಂಡು ಅಲೆಯುವವರನ್ನು ನೋಡಿ ಇವರ ರಕ್ತವೇ ಹೀಗೆ ಎಂದು ದಾಖಲೆಯಲ್ಲಿ ಬರೆದರು. ಸೋಕೊಲೋವ್ಸ್ಕಿಯ ತಟ್ಟೆಯಲ್ಲಿ ಯೀಸ್ಟ್ ತೆಗೆದರೆ ಹುಳುಗಳ ನಡೆಯೇ ಬದಲಾಗುತ್ತಿತ್ತಲ್ಲ. ಇಲ್ಲಿ ತಟ್ಟೆಯಿಂದ ಅನ್ನ ತೆಗೆದವರೇ ಹುಟ್ಟುಗುಣದ ತೀರ್ಪು ಕೊಟ್ಟರು. ಆ ಕಾಯ್ದೆ ಹೋಗಿ ಆ ಜನ ವಿಮುಕ್ತರೆನಿಸಿಕೊಂಡದ್ದು 1952ರ ಆಗಸ್ಟ್ 31ರಂದು. ಊರಿನಲ್ಲಿ ಕಳವಾದರೆ ಮೊದಲು ಯಾರ ಹಟ್ಟಿಯ ಬಾಗಿಲು ಬಡಿಯುತ್ತಾರೆ ಎನ್ನುವುದು ನಿಮ್ಮಲ್ಲಿ ಅನೇಕರಿಗೆ ಗೊತ್ತು.

ಗುಂಪಿಗೂ ಜೀನಿಗೂ ನಂಟೇ ಇಲ್ಲವೇ ಎಂದು ಕೇಳಬಹುದು. ಸಮುದಾಯದೊಳಗೇ ಮದುವೆಯಾಗುತ್ತ ಬಂದ ನಮ್ಮಲ್ಲಿ ಕೆಲವು ಅಪರೂಪದ ಕಾಯಿಲೆಗಳು ಕೆಲವು ಗುಂಪುಗಳಲ್ಲಿ ಹೆಚ್ಚು, ನಿಜ. ಅಂಥ ಕಾಯಿಲೆಗೆ ಕೆಟ್ಟ ಒಂದೇ ಜೀನ್ ಸಾಕು. ಅದನ್ನು ಹುಡುಕಬಹುದು, ತಡೆಯಬಹುದು, ಮತ್ತು ಹುಡುಕಲೇಬೇಕು. ಸ್ವಭಾವದ ಸಾವಿರ ಎಳೆಗಳು ಹಾಗೆ ಒಂದು ಗುಂಪಿನ ಬೇಲಿಯೊಳಗೆ ನಿಲ್ಲುವುದಿಲ್ಲ. ಜಾತಿಯ ಹೆಸರು ಹೇಳಿ ಗುಣ ಹೇಳುವವರು, ಹೊಗಳಿಕೆಯಾಗಲಿ ತೆಗಳಿಕೆಯಾಗಲಿ, ಎರಡು ಹೊಲಗಳ ರಾಗಿಯನ್ನು ಮಣ್ಣು ನೋಡದೆ ತೂಗುತ್ತಿದ್ದಾರೆ. ವಿಜ್ಞಾನದ ಹೆಸರಿನಲ್ಲಿ ಆ ಮಾತು ಆಡಲು ನಾನು ಬಿಡಲಾರೆ.

ಈಗ ಮುಂದಿನ ಸಾಲಿಗೆ ಮರಳುತ್ತೇನೆ. ತಂಗಿ ಬೆಳಿಗ್ಗೆ ನನ್ನನ್ನು ಒಂದೇ ಪ್ರಶ್ನೆ ಕೇಳಿದರು: "ಜೀನೂ ಒಂದೇ, ಮನೆಯೂ ಒಂದೇ. ಹಾಗಾದರೆ ನಾನು ಇವಳ ಹಾಗೇಕೆ ಆಗಲಿಲ್ಲ?" ಉತ್ತರವಾಗಿ ಒಂದು ಪ್ರಯೋಗದ ಕಥೆ ಹೇಳಿದೆ. 2013ರಲ್ಲಿ ಜರ್ಮನಿಯ ವಿಜ್ಞಾನಿಗಳು ಜೀನ್‌ನಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲದ 40 ಇಲಿಗಳನ್ನು ಅಂತಸ್ತು, ಕೊಳವೆ, ಮೂಲೆಗಳಿರುವ ಒಂದೇ ದೊಡ್ಡ ಗೂಡಿನಲ್ಲಿ ಮೂರು ತಿಂಗಳು ಬಿಟ್ಟು, ಪ್ರತಿಯೊಂದರ ಓಡಾಟವನ್ನೂ ದಾಖಲಿಸಿದರು. ಮೊದಮೊದಲು ಸಣ್ಣದಿದ್ದ ಅಂತರ ದಿನ ಕಳೆದಂತೆ ಹಿರಿದಾಯಿತು. ಕೆಲವು ಗೂಡನ್ನೆಲ್ಲ ಅರಸುವವಾದವು, ಕೆಲವು ಮೂಲೆ ಹಿಡಿದವು. ಹೆಚ್ಚು ಅರಸಿದವುಗಳ ಮಿದುಳಿನಲ್ಲಿ ಹೊಸ ನರಕೋಶಗಳೂ ಹೆಚ್ಚು ಹುಟ್ಟಿದ್ದವು. ಒಂದೇ ಗೂಡು ಎಂದು ನಾವು ಹೇಳುವುದು ಹೊರಗೆ ನಿಂತು. ಒಳಗೆ 40 ಇಲಿಗಳಿಗೆ 40 ಗೂಡುಗಳಿದ್ದವು. ಮಕ್ಕಳಿಬ್ಬರಿದ್ದರೆ ಮನೆ ಎರಡು. ಮೊದಲು ಬಾಗಿಲಿಗೆ ಓಡುವವಳು ಒಬ್ಬಳಾದರೆ ಇನ್ನೊಬ್ಬಳಿಗೆ ಓಡುವ ಅಗತ್ಯವೇ ಬೀಳುವುದಿಲ್ಲ. ಬಂದವರು ಮಾತಾಡಿಸುವುದು ಬಾಗಿಲಿಗೆ ಬಂದವಳನ್ನು. ಹೀಗೆ ದಿನಕ್ಕೊಂದು ಎಳೆ.

ನನ್ನ ಉತ್ತರ ಕೇಳಿ ತಂಗಿ ಏನೂ ಹೇಳಲಿಲ್ಲ. ಕೈಚೀಲದಿಂದ ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟ ಎರಡು ಚೀಟಿ ತೆಗೆದರು. ಅಮ್ಮನ ಟ್ರಂಕಿನ ತಳದಲ್ಲಿ ಸಿಕ್ಕ, ಇಬ್ಬರೂ ಹುಟ್ಟಿದ ಆಸ್ಪತ್ರೆಯ ಹೆರಿಗೆ ಚೀಟಿಗಳು. ಹಳದಿ ಬಣ್ಣಕ್ಕೆ ತಿರುಗಿ ಮಡಿಕೆಯಲ್ಲಿ ಹರಿಯುತ್ತ ಬಂದಿದ್ದವು. ಹುಟ್ಟಿದ ವೇಳೆಯಲ್ಲಿ ಹನ್ನೊಂದು ನಿಮಿಷದ ಅಂತರ. ತೂಕದಲ್ಲಿ ಅಕ್ಕ ತುಸು ಹೆಚ್ಚು. ಅವುಗಳ ಕೆಳಗೆ, ಹೆರಿಗೆ ಮಾಡಿಸಿದ ಬೇರೊಬ್ಬ ನರ್ಸ್ ನೀಲಿ ಮಸಿಯಲ್ಲಿ, ಎರಡು ಚೀಟಿಯಲ್ಲೂ ಒಂದೇ ಅಕ್ಷರದಲ್ಲಿ ಬರೆದ ಸಾಲು: "ಮಗು ಹುಟ್ಟಿದ ಕೂಡಲೇ ಅತ್ತಿತು."